ಕುದುರೆ ಸವಾರಿ ಎಷ್ಟು ಬರುತ್ತದೆ? ವೇಗ ಬಿಡಿ, ಕೈ ನೋಡಿ

ಹೊಸ ಕಡೆ ಕುದುರೆ ಸವಾರಿಗೆ ಹೋದರೆ ಮೊದಲು ಕೇಳುವುದೇ ‘ಎಷ್ಟು ಬರುತ್ತೆ?’ ಅಂತ. ಎಷ್ಟು ವರ್ಷದಿಂದ ಹತ್ತುತ್ತಿದ್ದೀರಿ ಅನ್ನುವುದು ಇದಕ್ಕೆ ಉತ್ತರವಲ್ಲ. ಜೋರಾಗಿ ಓಡಿಸಿದ್ದೇನೆ ಅನ್ನುವುದೂ ಅಲ್ಲ. ಸಾಲಾಗಿ ಹೋಗುವಾಗ ಮುಂದಿನದು ಓಡಿದರೆ ಹಿಂದಿನ ಕುದುರೆಯೂ ತಾನಾಗಿಯೇ ಓಡುತ್ತದೆ. ಅದರಲ್ಲಿ ಸವಾರನ ಪಾಲು ಕಡಿಮೆ.

ನಾನು ನೋಡುವುದು ಟ್ರಾಟ್. ಎರಡು ತಾಳದ ಈ ಓಟದಲ್ಲಿ ಮೈ ಚೆನ್ನಾಗಿ ಕುಲುಕುತ್ತದೆ. ಆಗ ಸವಾರನ ಕೈ ಗಮನಿಸಿ. ಮೈ ಏರಿಳಿದರೂ ಕೈ ಅಲುಗದಿದ್ದರೆ ಕೂರುವ ಹದ ಸಿಕ್ಕಿದೆ ಅಂತ. ಕೈಯೂ ಜೊತೆಗೆ ಕುಣಿದರೆ ಲಗಾಮಿನ ಆಸರೆಯಲ್ಲೇ ಕೂತಿದ್ದಾರೆ. ಪ್ರತಿ ಜಗ್ಗೂ ಕುದುರೆಯ ಬಾಯಿಗೆ ತಾಗುತ್ತದೆ. ಪಾಪ, ಅದು ತಲೆ ಕೊಡವುತ್ತದೆ, ಬಾಯಿ ತೆರೆಯುತ್ತದೆ. ಟ್ರಾಟ್‌ನ ತಾಳಕ್ಕೆ ಎದ್ದು ಕೂರುತ್ತಾ ಸುತ್ತು ಹಾಕುವಾಗ, ಕುದುರೆಯ ಹೊರಗಿನ (ಸುತ್ತಿನ ಹೊರಬದಿಯ) ಭುಜ ಮುಂದೆ ಬಂದಾಗಲೇ ಜೀನಿನಿಂದ ಏಳಬೇಕು. ಬಗ್ಗಿ ನೋಡದೆ ಇದು ಬಂದರೆ ಹೊಸಬರ ಹಂತ ದಾಟಿ ನಡುವಿನ ಹಂತಕ್ಕೆ ಕಾಲಿಟ್ಟ ಹಾಗೆ.

ಕ್ಯಾಂಟರ್‌ನಲ್ಲಿ (ಟ್ರಾಟ್‌ಗಿಂತ ಜೋರಾದ ಓಟ) ಓಡಿಸುವುದಕ್ಕಿಂತ ನಿಧಾನಿಸುವುದನ್ನು ನೋಡಿ. ಹೇಳಿದ ಜಾಗದಲ್ಲಿ, ಲಗಾಮು ಜಗ್ಗದೆ, ನಡಿಗೆಗೆ ಇಳಿಸಬೇಕು. ಅದೂ ಗುರುತಿಲ್ಲದ ಕುದುರೆ ಮೇಲೆ. ದಿನಾ ಹತ್ತುವ ಸಾಧು ಕುದುರೆ ಮೇಲೆ ಮಾತ್ರ ಬಂದರೆ ಅದನ್ನು ಜಾಸ್ತಿ ಲೆಕ್ಕಕ್ಕೆ ಹಿಡಿಯಬೇಡಿ.

ಎರಡು ಹಂತದ ನಡುವೆ ಅನುಮಾನ ಇದೆಯಾ? ಕೆಳಗಿನದನ್ನೇ ಹೇಳಿ. ಸುಮ್ನೆ ದೊಡ್ಡದು ಹೇಳಿ ಚುರುಕು ಕುದುರೆ ಹತ್ತಿದರೆ ನಿಮಗೂ ಅದಕ್ಕೂ ಅಪಾಯ. ಸ್ವಲ್ಪ ಹೊತ್ತು ನಿಮ್ಮ ಸವಾರಿ ನೋಡಿದ ಮೇಲೆ ಬೇಕಿದ್ದರೆ ಕುದುರೆ ಬದಲಿಸಿ ಕೊಡಿ ಅಂತ ತರಬೇತುದಾರರನ್ನೇ ಕೇಳಬಹುದು.