ಕೈಯೊಳಗೆ ಚಿಪ್ ಹಾಕಿಸುವ ಮಾತು ಬಂದರೆ: ಹೂಂ ಅನ್ನುವ ಮೊದಲು ಮಾಡಬೇಕಾದ್ದು

ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರು, ವಸಂತನರಸಾಪುರ. ಈ ಭಾಗದ ಕಾರ್ಖಾನೆಗಳಲ್ಲಿ ಪಾಳಿಗೆ ಬಸ್ಸಿಳಿದವರು ಮೊದಲು ಮಾಡುವ ಕೆಲಸ ಕೊರಳಿನ ಐಡಿ ಕಾರ್ಡನ್ನು ಗೇಟಿನ ಪೆಟ್ಟಿಗೆಗೆ ತೋರಿಸುವುದು. ಆ ಕಾರ್ಡಿನೊಳಗೆ ಇರುವಂಥದ್ದೇ ಚಿಪ್ಪನ್ನು ಹೆಬ್ಬೆರಳ ಪಕ್ಕದ ಚರ್ಮದ ಕೆಳಗೆ ಹಾಕಿಸಿಕೊಳ್ಳುವುದನ್ನು ಸ್ವೀಡನ್ನಿನಲ್ಲಿ, ಅಮೆರಿಕದಲ್ಲಿ ಈಗಾಗಲೇ ಮಾಡಿ ನೋಡಿದ್ದಾರೆ. ನಮ್ಮಲ್ಲಿ ಈ ವಿಷಯ ಎತ್ತಿದರೆ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. "ಚಿಪ್ ಹಾಕಿದರೆ ಎಲ್ಲಿ ಹೋದರೂ ಪತ್ತೆ ಹಚ್ಚುತ್ತಾರೆ" ಅನ್ನುವುದು ಒಂದು. "ಅಕ್ಕಿಕಾಳಿನಷ್ಟು ಇರುತ್ತೆ, ಏನೂ ಆಗಲ್ಲ" ಅನ್ನುವುದು ಇನ್ನೊಂದು. ಎರಡೂ ಸರಿಯಲ್ಲ.

ಡೇರಿಗೆ ಹಾಲು ಹಾಕುವ ಮನೆಯವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಹಸುವಿನ ಹಳದಿ ಕಿವಿಯೋಲೆ ನೋಡಿ. ಅದರಲ್ಲಿರುವುದು 12 ಅಂಕಿಯ ಸಂಖ್ಯೆ ಅಷ್ಟೇ. ಕಾಲುಬಾಯಿ ಜ್ವರದ ಲಸಿಕೆ ಯಾವತ್ತು ಬಿತ್ತು, ಮಾಲೀಕರು ಯಾರು ಎನ್ನುವುದೆಲ್ಲ ಆ ಸಂಖ್ಯೆಯ ಎದುರಿಗೆ ಬೇರೆಲ್ಲೋ ಇರುವ ಕಂಪ್ಯೂಟರಿನಲ್ಲಿದೆ. ಮನುಷ್ಯರ ಕೈಯೊಳಗಿನ ಚಿಪ್ಪೂ ಬಹುಪಾಲು ಹೀಗೇ. ಅದಕ್ಕೇ ಚಿಪ್ಪಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ, ಅದನ್ನು ಓದುವ ಪೆಟ್ಟಿಗೆಯ ಬಗ್ಗೆ ಮತ್ತು ಲೆಕ್ಕ ಇಡುವ ಕಂಪ್ಯೂಟರಿನ ಬಗ್ಗೆ ಹತ್ತು ಪ್ರಶ್ನೆ ಕೇಳಬೇಕು.

ಒಳಗೆ ಏನಿರುತ್ತದೆ

ಸುಮಾರು 2 ಮಿ.ಮೀ. ದಪ್ಪ, 12ರಿಂದ 14 ಮಿ.ಮೀ. ಉದ್ದದ ಗಾಜಿನ ಕೊಳವೆ. ಒಳಗೆ ಒಂದು ಫೆರೈಟ್ ಕಡ್ಡಿ, ಅದಕ್ಕೆ ಸುತ್ತಿದ ತಾಮ್ರದ ತಂತಿ, ತುದಿಯಲ್ಲಿ ಸಿಲಿಕಾನ್ ಚಿಪ್. ಅಕ್ಕಿಕಾಳಿನ ಹೋಲಿಕೆ ಕೇಳಲು ಹಿತ, ಆದರೆ ನಾವು ಉಣ್ಣುವ ಸೋನಾ ಮಸೂರಿಯ ಎರಡು ಕಾಳನ್ನು ಉದ್ದಕ್ಕೆ ಜೋಡಿಸಿದರೂ ಇದಕ್ಕೆ ಸಮನಾಗುವುದು ಕಷ್ಟ. ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಓದುವ ಪೆಟ್ಟಿಗೆ ಹತ್ತಿರ ಬಂದಾಗ ಅದರ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ಓದಿಸಬೇಕಾದರೆ ಕೆಲವೇ ಸೆಂಟಿಮೀಟರ್ ಅಂತರ ಇರಬೇಕು. ನೀವು ಎಲ್ಲಿದ್ದೀರಿ ಎಂದು ದಿನವಿಡೀ ಹೇಳುವ ವಸ್ತು ನಿಮ್ಮ ಜೇಬಿನ ಮೊಬೈಲು.

2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಎಂಬ ಸುದ್ದಿ ಹರಡಿತ್ತು. ಆಮೇಲೆ ಕೋವಿಡ್ ಲಸಿಕೆಯಲ್ಲಿ ಚಿಪ್ ಇದೆ ಎಂದರು. ಲಸಿಕೆಯ ಮಾತನ್ನು ಸೂಜಿಯ ಅಳತೆಯಿಂದಲೇ ತಳ್ಳಿಹಾಕಬಹುದು. ಲಸಿಕೆಗೆ ಬಳಸುವ 23 ಗೇಜ್ ಸೂಜಿಯ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳು) ಒಳರಂಧ್ರ ಸುಮಾರು 0.34 ಮಿ.ಮೀ. 2 ಮಿ.ಮೀ. ದಪ್ಪದ ಗಾಜಿನ ಚಿಪ್ ತೂರಲು 12 ಗೇಜ್ ಸೂಜಿ ಬೇಕು. ಅದರ ಹೊರ ಅಳತೆ 2.7 ಮಿ.ಮೀ.ಗಿಂತ ಹೆಚ್ಚು. ಅಂಥ ಸೂಜಿ ಚುಚ್ಚಿದರೆ ಗೊತ್ತಾಗದೇ ಇರುವುದಿಲ್ಲ. ಊರಿನ ಸಭೆಯಲ್ಲಿ ಇದನ್ನು ವಿವರಿಸುವವರು ಎರಡೂ ಸೂಜಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು.

ಪೇಸ್‌ಮೇಕರ್, ಕಿವಿಯ ಕಾಕ್ಲಿಯರ್ ಇಂಪ್ಲಾಂಟ್, 2024ರ ಜನವರಿಯಲ್ಲಿ ಮೊದಲ ಬಾರಿ ಮನುಷ್ಯರಿಗೆ ಅಳವಡಿಸಿದ ನ್ಯೂರಾಲಿಂಕ್‌ನ ಮೆದುಳಿನ ಸಾಧನ, ಇವನ್ನು ಈ ಚರ್ಚೆಗೆ ಬೆರೆಸಬೇಡಿ. "ಪೇಸ್‌ಮೇಕರ್ ಒಪ್ಪಿದಿರಿ, ಇದನ್ನೇಕೆ ಒಪ್ಪಲ್ಲ?" ಎಂದು ಕೇಳುವವರು ಇರುತ್ತಾರೆ. ಅಲ್ಲಿ ಲಾಭ ಹೊತ್ತವರ ದೇಹಕ್ಕೆ. ಗೇಟಿನ ಚಿಪ್ಪಿನ ಲಾಭ ಬಹುಪಾಲು ಗೇಟಿನವರಿಗೆ.

ಮೊದಲು ನಿಮ್ಮ ಕಾರ್ಡನ್ನೇ ಪರೀಕ್ಷಿಸಿ

ಎನ್‌ಎಫ್‌ಸಿ (ಹತ್ತಿರ ಹಿಡಿದ ಕಾರ್ಡನ್ನು ತಂತಿಯಿಲ್ಲದೆ ಓದುವ ವ್ಯವಸ್ಥೆ) ಇರುವ ಆಂಡ್ರಾಯ್ಡ್ ಫೋನ್ ಒಂದು ಸಾಕು. ಎನ್‌ಎಕ್ಸ್‌ಪಿ ಕಂಪನಿಯ ಟ್ಯಾಗ್‌ಇನ್ಫೊ ಎಂಬ ಉಚಿತ ಆ್ಯಪ್ ಹಾಕಿಕೊಂಡು ಐಡಿ ಕಾರ್ಡನ್ನು ಫೋನಿನ ಬೆನ್ನಿಗೆ ಇಟ್ಟು ನಿಧಾನವಾಗಿ ಸರಿಸಿ. ಫೋನು ಓದಿದರೆ ಅದು 13.56 ಮೆಗಾಹರ್ಟ್ಸ್ ಕಾರ್ಡು, ಚಿಪ್ಪಿನ ಜಾತಿಯೂ ತೆರೆಯ ಮೇಲೆ ಬರುತ್ತದೆ. ಏನು ಮಾಡಿದರೂ ಓದದಿದ್ದರೆ ಬಹುಶಃ 125 ಕಿಲೋಹರ್ಟ್ಸ್‌ನ ಹಳೆಯ ಕಾರ್ಡು. ಪರೀಕ್ಷಿಸುವುದು ನಿಮ್ಮದೇ ಕಾರ್ಡು ಮಾತ್ರ, ಬೇರೆಯವರದು ಬೇಡ.

ಬಂದ ಹೆಸರಿಗೆ ಅರ್ಥ ಹೀಗೆ. 125 ಕಿಲೋಹರ್ಟ್ಸ್‌ನ ಇಎಂ4100 ಮಾದರಿಗೆ ಗುಟ್ಟು ಎನ್ನುವುದೇ ಇಲ್ಲ, ಕೇಳಿದವರಿಗೆಲ್ಲ ಸಂಖ್ಯೆ ಹೇಳುತ್ತದೆ. ಅದರ ನಕಲು ಮಾಡುವುದು ಕೆಲವೇ ಸೆಕೆಂಡುಗಳ ಕೆಲಸ. ಇಂಥ ಕಾರ್ಡಿನ ಮೇಲೆ ಹೆಚ್ಚಾಗಿ 10 ಅಂಕಿಯ ಸಂಖ್ಯೆ ಅಚ್ಚಾಗಿರುತ್ತದೆ, ಅದರ ಫೋಟೊ ವಾಟ್ಸಾಪಿಗೆ ಹಾಕಬೇಡಿ. ಮೈಫೇರ್ ಕ್ಲಾಸಿಕ್ ಎಂದು ಬಂದರೆ ಅದರ ಬೀಗವನ್ನು 2008ರಲ್ಲೇ ಸಂಶೋಧಕರು ಒಡೆದು ತೋರಿಸಿದ್ದಾರೆ. ಡೆಸ್‌ಫೈರ್ ಇವಿ2 ಅಥವಾ ಇವಿ3 ಎಂದು ಬಂದರೆ, ಮತ್ತು ಅದರ ಎಇಎಸ್ ಎಂಬ ಗುಪ್ತಲಿಪಿಯ ಕೀಲಿಯನ್ನು ಪೆಟ್ಟಿಗೆ ನಿಜವಾಗಿ ಬಳಸುತ್ತಿದ್ದರೆ, ನಕಲು ಕಷ್ಟ. ಒಳ್ಳೆಯ ಚಿಪ್ ಹಾಕಿ, ಪೆಟ್ಟಿಗೆ ಮಾತ್ರ ಬರೀ ಸೀರಿಯಲ್ ಸಂಖ್ಯೆ ಓದುವಂತೆ ಬಿಟ್ಟಿದ್ದರೆ ಆ ಬೀಗ ಇದ್ದೂ ಇಲ್ಲದಂತೆ. ಇದು ಮರೆಯಬಾರದ ಪ್ರಶ್ನೆ.

ಕಾರ್ಡು ನಕಲಾದರೆ ಹೊಸ ಕಾರ್ಡು ಕೊಡುತ್ತಾರೆ. ಕೈಯೊಳಗಿನದು ನಕಲಾದರೆ ಮತ್ತೆ ಕೊಯ್ಯಬೇಕು, ಮತ್ತೆ ಚುಚ್ಚಬೇಕು. ಮನುಷ್ಯರಿಗೆಂದೇ ಬಂದು, 2004ರ ಅಕ್ಟೋಬರಿನಲ್ಲಿ ಅಮೆರಿಕದ ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದ ವೆರಿಚಿಪ್ಪನ್ನು 2006ರಲ್ಲೇ ನಕಲು ಮಾಡಿ ತೋರಿಸಿದ್ದರು. ಅದರ ಮಾರಾಟ 2010ರ ಹೊತ್ತಿಗೆ ನಿಂತಿತು.

ಆರು ವಾರ ಹೊರಗೇ ಹಾಕಿ ನೋಡಿ

ಯಾರಾದರೂ ಚಿಪ್ ಹಾಕಿಸೋಣ ಎಂದರೆ ಅದೇ ಚಿಪ್ ಇರುವ ಉಂಗುರ ಅಥವಾ ಸಿಲಿಕೋನ್ ಪಟ್ಟಿಯನ್ನು ಮೊದಲು ಆರು ವಾರ ಬಳಸಲು ಕೇಳಿ. ಗೇಟು, ಲಾಕರು, ಕ್ಯಾಂಟೀನು ಎಲ್ಲ ಕಡೆ ಅದೇ ಕೆಲಸ ಮಾಡುತ್ತದೆ. ಉಂಗುರದಲ್ಲಿ ಆಗದ ಯಾವ ಕೆಲಸ ಕೈಯೊಳಗೆ ಹೋದರೆ ಆಗುತ್ತದೆ ಎಂದು ಕೇಳಿದಾಗ ಉಳಿಯುವ ಉತ್ತರ ಒಂದೇ: ಮರೆತು ಬರಲಾಗದು, ಬೇರೆಯವರಿಗೆ ಕೊಟ್ಟು ಹಾಜರಿ ಹಾಕಿಸಲಾಗದು. ಅದಕ್ಕಾಗಿ ಮೈಗೆ ಸೂಜಿ ಚುಚ್ಚುವುದು ತೀರಾ ಹೆಚ್ಚಾಯಿತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆ ಆರು ವಾರದಲ್ಲಿ ಒಂದು ಪುಸ್ತಕ ಇಡಿ: ದಿನಾಂಕ, ಸಮಯ, ಎಷ್ಟನೇ ಸಲಕ್ಕೆ ಓದಿತು, ಓದದಿದ್ದರೆ ಹಾಜರಿ ಹೇಗೆ ಹಾಕಿದರು. ಒಳಗೆ ಹಾಕಿದ ಮೇಲೆ ಓದಿಸುವುದು ಇನ್ನೂ ಕಷ್ಟವಾಗುತ್ತದೆ. ಕಾರ್ಡಿನ ತಂತಿ ಸುರುಳಿ ಅಂಗೈಯಗಲ ಇರುತ್ತದೆ, ಗಾಜಿನ ಚಿಪ್ಪಿನದು ಬೆಂಕಿಕಡ್ಡಿಯಷ್ಟು ಸಣ್ಣದು. ಕಾರ್ಡಿಗೆಂದು ಮಾಡಿದ ಚಪ್ಪಟೆ ಪೆಟ್ಟಿಗೆಯ ನಟ್ಟನಡುವೆ ಕೈ ಇಟ್ಟರೆ ಕೊಳವೆ ಚಿಪ್ ಹೆಚ್ಚಾಗಿ ಓದುವುದಿಲ್ಲ. ಅಂಚಿನ ಕಡೆ, ಸರಿಯಾದ ಕೋನದಲ್ಲಿ ಹಿಡಿಯಬೇಕು. ಪೆಟ್ಟಿಗೆ ಕಬ್ಬಿಣದ ಕಂಬಕ್ಕೆ ಅಂಟಿದ್ದರೆ ಅಂತರ ಇನ್ನಷ್ಟು ಕುಗ್ಗುತ್ತದೆ. ಪಾಳಿ ಬದಲಾಗುವ ಹೊತ್ತಿನ ಸಾಲಿನಲ್ಲಿ ಪ್ರತಿಯೊಬ್ಬರೂ ಕೈ ತಿರುಗಿಸುತ್ತ ನಿಂತರೆ ತಡವಾದ ನಿಮಿಷ ಯಾರ ಸಂಬಳದಿಂದ ಕಡಿತವಾಗುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ.

ದೇಹದ ಕಡೆಯಿಂದ

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗಾಯ ಮಾಗಿದ ಮೇಲೆ ಉಬ್ಬಿ ಗಂಟುಗಟ್ಟುವ ಚರ್ಮದವರು (ವೈದ್ಯರು ಇದನ್ನು ಕೆಲಾಯ್ಡ್ ಎನ್ನುತ್ತಾರೆ), ಗರ್ಭಿಣಿಯರು ಹಾಕಿಸಿಕೊಳ್ಳಬಾರದು. ಗುದ್ದಲಿ, ಮಚ್ಚು, ಸ್ಪ್ಯಾನರ್ ಹಿಡಿದು ದುಡಿಯುವವರು ಇನ್ನೊಂದನ್ನು ಯೋಚಿಸಬೇಕು. ಹಿಡಿಕೆಯ ಒತ್ತಡ ಬೀಳುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಜಾಗದಲ್ಲೇ, ಚಿಪ್ ಹಾಕುವುದೂ ಅಲ್ಲೇ.

ಹಾಕಿಸುವುದಾದರೆ ನೋಂದಾಯಿತ ವೈದ್ಯರ ಕೈಯಲ್ಲಿ ಮಾತ್ರ, ಟ್ಯಾಟೂ ಅಂಗಡಿಯಲ್ಲಿ ಬೇಡ. ಚಿಪ್ ಸೂಜಿಯೊಳಗೇ ತುಂಬಿ, ಕ್ರಿಮಿಶುದ್ಧ ಮಾಡಿ, ಮುಚ್ಚಿದ ಪೊಟ್ಟಣದಲ್ಲಿ ಬರಬೇಕು. ಪೊಟ್ಟಣದ ಅವಧಿಯ ದಿನಾಂಕ ನೀವೇ ಓದಿ. ಚುಚ್ಚುವ ಮೊದಲು, ಸಾಧ್ಯವಾದರೆ ಪೊಟ್ಟಣದ ಮೇಲಿಂದಲೇ, ಒಮ್ಮೆ ಓದಿಸಿ ಚಿಪ್ ಕೆಲಸ ಮಾಡುತ್ತಿದೆಯೇ ನೋಡಬೇಕು. ಇದನ್ನು ಬಿಟ್ಟರೆ ಕೆಟ್ಟ ಚಿಪ್ ಒಳಗೆ ಹೋದದ್ದು ಆಮೇಲೆ ತಿಳಿಯುತ್ತದೆ. ಚರ್ಮವನ್ನು ಎತ್ತಿ ಹಿಡಿದು, ಸೂಜಿಯನ್ನು ಚರ್ಮಕ್ಕೆ ಸಮಾನಾಂತರವಾಗಿ ತೂರಿಸಿ, ಸ್ನಾಯುವಿನ ಮೇಲೆ, ಚರ್ಮದ ಕೆಳಗೆ ಬಿಡುತ್ತಾರೆ. ಆಳಕ್ಕೆ ಹೋದರೆ ಓದುವುದೂ ಕಷ್ಟ, ತೆಗೆಯುವುದೂ ಕಷ್ಟ. ಮುಂದಿನ ಎರಡರಿಂದ ನಾಲ್ಕು ವಾರ ಆ ಕೈಯಲ್ಲಿ ಭಾರ ಎತ್ತಬಾರದು, ಒತ್ತಿ ನೋಡಬಾರದು. ಸುತ್ತಲೂ ನಾರಿನ ಪೊರೆ ಕಟ್ಟುವ ಮೊದಲು ಅಲುಗಿದರೆ ಚಿಪ್ ಜಾಗ ಬಿಟ್ಟು ಸರಿಯುತ್ತದೆ. ಕೆಂಪು ಹರಡುತ್ತ ಹೋದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಎಫ್‌ಡಿಎ 2004ರಲ್ಲೇ ಪಟ್ಟಿ ಮಾಡಿದ ಅಪಾಯಗಳಲ್ಲಿ ಅಂಗಾಂಶದ ಪ್ರತಿಕ್ರಿಯೆ, ಚಿಪ್ ಸರಿಯುವುದು, ಮಾಹಿತಿ ಸೋರಿಕೆ, ಎಂಆರ್‌ಐಗೆ ಹೊಂದದಿರುವುದು ಇದ್ದವು. ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಒಳಗೆ ಹೋಗುವ ಮೊದಲೇ ಚಿಪ್ ಇರುವುದನ್ನು ಹೇಳಿ, ಅದರ ತಯಾರಕರ ಚೀಟಿ ತೋರಿಸಿ. ಕ್ಯಾನ್ಸರ್ ಭಯದ ಮೂಲ ಬೇರೆ. ಚಿಪ್ ಹಾಕಿದ ಕೆಲವು ಪ್ರಯೋಗಾಲಯದ ಇಲಿಗಳಲ್ಲಿ ಚಿಪ್ಪಿನ ಸುತ್ತ ಗೆಡ್ಡೆ ಕಂಡ ಅಧ್ಯಯನಗಳನ್ನು 2007ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಮಾಡಿತು. ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಿಯೇ ತೀರುತ್ತದೆ ಎನ್ನಲು ಬಾರದು. ಆದರೆ "ನೂರಕ್ಕೆ ನೂರು ಸುರಕ್ಷಿತ" ಎಂದು ಕರಪತ್ರದಲ್ಲಿ ಬರೆದರೆ ನಂಬಬೇಡಿ.

"ಅಪಘಾತವಾದಾಗ ರಕ್ತದ ಗುಂಪು ಗೊತ್ತಾಗುತ್ತೆ" ಎಂಬ ವಾದಕ್ಕೂ ಲೆಕ್ಕ ಹಾಕಿ ನೋಡೋಣ. ಕೈಗೆ ಹಾಕುವ ಜನಪ್ರಿಯ ಚಿಪ್ ಎನ್‌ಟ್ಯಾಗ್216ರಲ್ಲಿ ಬಳಕೆಗೆ ಸಿಗುವ ಜಾಗ 888 ಬೈಟ್. ಕನ್ನಡದ ಪ್ರತಿ ಅಕ್ಷರಚಿಹ್ನೆಗೆ 3 ಬೈಟ್ ಬೇಕು, ಕಾಗುಣಿತದ ಗುರುತಿಗೂ ಪ್ರತ್ಯೇಕ 3. "ಮಧುಮೇಹ" ಎಂದು ಬರೆದರೆ 18 ಬೈಟ್ ಹೋಯಿತು. ಒಟ್ಟು 290 ಚಿಹ್ನೆಗಳಷ್ಟು ಹಿಡಿಯಬಹುದು. ಅದನ್ನು ಯಾರ ಫೋನ್ ಬೇಕಾದರೂ ಓದಬಹುದು. ಗಾಯಾಳು ಬಂದಾಗ ಕೈಗೆ ಫೋನ್ ಹಿಡಿದು ನೋಡುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಇಲ್ಲ. ಜೇಬಿನ ಕಾರ್ಡನ್ನು ನೋಡುತ್ತಾರೆ. ರಕ್ತವನ್ನಂತೂ ಮತ್ತೆ ಪರೀಕ್ಷಿಸದೆ ಕೊಡುವುದಿಲ್ಲ.

ಕಾನೂನು ಎಲ್ಲಿ ನಿಲ್ಲುತ್ತದೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2006ರಲ್ಲಿ ಬಲವಂತದ ಚಿಪ್ಪನ್ನು ನಿಷೇಧಿಸಿತು. 2017ರಲ್ಲಿ ಅದೇ ರಾಜ್ಯದ ತ್ರೀ ಸ್ಕ್ವೇರ್ ಮಾರ್ಕೆಟ್ ಕಂಪನಿ ಸ್ವಂತ ಇಚ್ಛೆಯಿಂದ ಮುಂದೆ ಬಂದ ಉದ್ಯೋಗಿಗಳಿಗೆ ಚಿಪ್ ಹಾಕಿಸಿತು. ಕಾನೂನು ಬಲವಂತವನ್ನು ತಡೆಯಬಹುದು, ಮೇಲಿನವರೆಲ್ಲ ಹಾಕಿಸಿಕೊಂಡಾಗ ಹುಟ್ಟುವ ಮುಲಾಜನ್ನು ತಡೆಯಲಾರದು.

ನಮ್ಮಲ್ಲಿ ಇದಕ್ಕೆಂದೇ ಬರೆದ ಕಾನೂನು ಇಲ್ಲ. ಆಧಾರವಾಗಿ ಹಿಡಿಯಬೇಕಾದವು ಸುಪ್ರೀಂ ಕೋರ್ಟಿನ ಎರಡು ತೀರ್ಪು. ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂದ 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ ಒಂದು. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ಪ್ರಕರಣ ಇನ್ನೊಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಒಪ್ಪಿಗೆ ಮುಕ್ತವಾಗಿ, ಷರತ್ತಿಲ್ಲದೆ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ. ಆದರೆ 7ನೇ ಸೆಕ್ಷನ್ ಉದ್ಯೋಗದ ಕೆಲವು ಉದ್ದೇಶಗಳಿಗೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಬಿಡುತ್ತದೆ. ಹಾಗಾಗಿ ದತ್ತಾಂಶ ಕಾಯ್ದೆಯೊಂದನ್ನೇ ನೆಚ್ಚಿ ಕೂರಬೇಡಿ. ಮಾಹಿತಿಯ ಒಪ್ಪಿಗೆ ಬೇರೆ, ದೇಹದ ಒಪ್ಪಿಗೆ ಬೇರೆ ಎಂದು ಕಾರ್ಖಾನೆಗೆ ಕೊಡುವ ಪತ್ರದಲ್ಲೇ ಬರೆಯಿರಿ.

ಪತ್ರ ಕನ್ನಡದಲ್ಲಿರಲಿ, ಒಬ್ಬೊಬ್ಬರೇ ಕೊಡದೆ ಗುಂಪಾಗಿ ಸಹಿ ಹಾಕಿ. ಗುತ್ತಿಗೆ ಕೆಲಸಗಾರರು ಗುತ್ತಿಗೆದಾರರಿಗೂ ಕಾರ್ಖಾನೆಗೂ ಎರಡು ಪ್ರತಿ ಕೊಡಬೇಕು, ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಮೂರನೇ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿ ನೀವೇ ಇಟ್ಟುಕೊಳ್ಳಿ. ಕೇಳಬೇಕಾದವು ಇಷ್ಟು:

- ಚಿಪ್ಪಿನ ತಯಾರಕರು ಯಾರು, ಮಾದರಿ ಯಾವುದು, ಪೆಟ್ಟಿಗೆ ಅದರ ಕೀಲಿ ಬಳಸುತ್ತದೆಯೇ ಅಥವಾ ಬರೀ ಸಂಖ್ಯೆ ಓದುತ್ತದೆಯೇ?
- ಗೇಟು ಬಿಟ್ಟು ಇನ್ನೆಲ್ಲಿ ಪೆಟ್ಟಿಗೆ ಇಡುತ್ತೀರಿ? ಶೌಚಾಲಯ, ವಿಶ್ರಾಂತಿ ಕೋಣೆಯ ಬಾಗಿಲಲ್ಲಿ ಇಡುವುದಿಲ್ಲ ಎಂದು ಬರೆದು ಕೊಡುತ್ತೀರಾ?
- ಓಡಾಟದ ದಾಖಲೆ ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ, ಗುತ್ತಿಗೆದಾರರಿಗೆ ಸಿಗುತ್ತದೆಯೇ?
- ಬೇಡ ಎಂದವರಿಗೆ ಕಾರ್ಡು ಮುಂದುವರಿಯುತ್ತದೆಯೇ? ಪಾಳಿ, ಓಟಿ, ಬಡ್ತಿಯಲ್ಲಿ ವ್ಯತ್ಯಾಸ ಇಲ್ಲವೇ?
- ಕೀವಾದರೆ ಚಿಕಿತ್ಸೆಯ ಖರ್ಚು, ರಜೆಯ ಸಂಬಳ ಯಾರದು?
- ಕೆಲಸ ಬಿಟ್ಟಾಗ ಯಾರು, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ತೆಗೆಸುತ್ತಾರೆ?

ಉತ್ತರ ಬಂದ ದಿನವೇ ಸಹಿ ಹಾಕಬೇಡಿ, ಮನೆಗೆ ತಂದು ಓದಿಸಿ. ಬಾಯಿಮಾತಿನ ಉತ್ತರವನ್ನು ಉತ್ತರ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಒತ್ತಡ ಬಂದರೆ ಸೀಲು ಹಾಕಿಸಿದ ಪ್ರತಿಯ ಜೊತೆ ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿಗೆ ದೂರು ಕೊಡಿ.

ತೆಗೆಸುವಾಗ

ಬರೀ ಗಾಜಿನ ಚಿಪ್ ಆದರೆ ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಸಣ್ಣ ಸೀಳಿನಿಂದ ಜಾರಿಸಿ ತೆಗೆಯುತ್ತಾರೆ. ಸರಿಯದಂತೆ ಪ್ಲಾಸ್ಟಿಕ್ ಲೇಪನ ಕೊಟ್ಟ ಚಿಪ್ ಆದರೆ ಅಂಗಾಂಶ ಅದಕ್ಕೆ ಹೆಣೆದುಕೊಂಡಿರುತ್ತದೆ, ಬಿಡಿಸಿ ಕತ್ತರಿಸಬೇಕಾಗುತ್ತದೆ, ಗಾಯವೂ ದೊಡ್ಡದು. ಲೇಪನ ಇದೆಯೇ ಎಂದು ಹಾಕಿಸುವ ಮೊದಲೇ ಕೇಳಬೇಕಾದದ್ದು ಇದಕ್ಕೆ. ಮನೆಯಲ್ಲಿ ಬ್ಲೇಡಿನಿಂದ ಪ್ರಯತ್ನಿಸಬೇಡಿ. ಹೆಬ್ಬೆರಳ ಬುಡದಲ್ಲಿ ನರವೂ ರಕ್ತನಾಳವೂ ಹತ್ತಿರದಲ್ಲೇ ಇವೆ. ಹೊರಬಂದ ಚಿಪ್ಪನ್ನು ಒಡೆಯದೆ ಒಂದು ಡಬ್ಬಿಯಲ್ಲಿ ನೀವೇ ಇಟ್ಟುಕೊಳ್ಳಿ. ಗಾಯ ಮಾಗುವ ಹೊತ್ತಿಗೆ ಕಾರ್ಖಾನೆಯವರ ಎದುರಿನಲ್ಲೇ ಅದನ್ನು ಗೇಟಿನ ಪೆಟ್ಟಿಗೆಗೆ ಒಮ್ಮೆ ತೋರಿಸಿ. ಬಾಗಿಲು ತೆರೆಯದಿದ್ದರೆ ಪ್ರವೇಶದ ಪಟ್ಟಿಯಿಂದ ನಿಮ್ಮ ಸಂಖ್ಯೆ ತೆಗೆದಿದ್ದಾರೆ ಎಂದು ಅರ್ಥ; ಹಳೆಯ ದಾಖಲೆ ಅಳಿಸಿದ್ದನ್ನು ಬೇರೆಯಾಗಿ ಬರೆಸಿಕೊಳ್ಳಿ. ತೆರೆದುಕೊಂಡರೆ ಇನ್ನೊಂದು ಪತ್ರ, ಮತ್ತೆ ಎರಡು ಪ್ರತಿ, ಮೂರನೆಯದಕ್ಕೆ ಸೀಲು.