ಬ್ಯಾಕ್ಟೀರಿಯಾದಲ್ಲೇ ಪಿಎಎಚ್ ತೆಗೆದೆ: ನನ್ನ ಅನುಭವ

ಮಾನವನ ಪಿಎಎಚ್ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಹಾಕಿ, ಕೆಲಸ ಮಾಡುವ ಫಿನೈಲಅಲನಿನ್ ಹೈಡ್ರಾಕ್ಸಿಲೇಸ್ (ಪಿಎಎಚ್, ಅಂದರೆ ಫಿನೈಲಅಲನಿನ್ ಎಂಬ ಅಮೈನೋ ಆಮ್ಲವನ್ನು ಟೈರೋಸಿನ್ ಮಾಡುವ ಎಂಜೈಮ್) ತೆಗೆಯುತ್ತೇನೆ ಎಂದಾಗ ಸಿಕ್ಕ ಸಲಹೆ ಒಂದೇ. ಸುಮ್ನೆ ದುಡ್ಡು ಹಾಳು ಮಾಡಬೇಡ, ಕೀಟಕೋಶದಲ್ಲಿ ಪ್ರೋಟೀನ್ ತೆಗೆಯುವ ದಾರಿಗೆ ಹೋಗು. ಎಂಬಿಪಿ (ಕರಗಲು ನೆರವಾಗುವ, ಮಾಲ್ಟೋಸ್‌ಗೆ ಅಂಟುವ ಪ್ರೋಟೀನ್) ಜೋಡಿಸಿ ಫ್ಯೂಷನ್‌ ಮಾಡಿದವರ ಪೇಪರುಗಳಿವೆಯಲ್ಲ ಎಂದರೆ, ಅವರಿಗೆ ಆಯಿತು, ನಿನಗೆ ಆಗಬೇಕಲ್ಲ ಎನ್ನುತ್ತಿದ್ದರು. ಈಗ ಲೀಟರಿಗೆ ಹತ್ತು ಮಿಲಿಗ್ರಾಂ ಆಸುಪಾಸು ಟೆಟ್ರಾಮರ್ (ನಾಲ್ಕು ಘಟಕ ಸೇರಿದ, ಕೆಲಸ ಮಾಡುವ ರೂಪ) ಬರುತ್ತಿದೆ. ಬ್ಯಾಚಿನಿಂದ ಬ್ಯಾಚಿಗೆ ಅಂಥ ವ್ಯತ್ಯಾಸವೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಿಸ್ ಟ್ಯಾಗ್ (ಶುದ್ಧೀಕರಣಕ್ಕೆ ಹಿಡಿಕೆಯಂಥ ಸಣ್ಣ ಬಾಲ) ಹಾಕಿ 37 ಡಿಗ್ರಿಯಲ್ಲಿ ಬೆಳೆಸಿದ್ದೆ. ಜೆಲ್‌ನಲ್ಲಿ 52 ಕಿಲೋಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್, ಆದರೆ ಅಷ್ಟೂ ಕರಗದೆ ತಳಕ್ಕಿಳಿದ ಪೆಲೆಟ್‌ನಲ್ಲಿ. ಯೂರಿಯಾದಲ್ಲಿ ಕರಗಿಸಿ ರೀಫೋಲ್ಡ್ ಮಾಡಿದಾಗ (ಮತ್ತೆ ಸರಿಯಾಗಿ ಮಡಚಿಕೊಳ್ಳಲು ಬಿಟ್ಟಾಗ) ಪ್ರೋಟೀನ್ ನೀರಿಗೆ ಬಂತು, ಜೀವ, ಅಂದರೆ ಎಂಜೈಮಿನ ಚಟುವಟಿಕೆ, ಮಾತ್ರ ಬರಲಿಲ್ಲ. ಡಯಾಲಿಸಿಸ್ ಚೀಲ, ಯೂರಿಯಾ, ಕಾಲಂ ಎಲ್ಲದರ ಖರ್ಚೂ ನೀರಲ್ಲಿ ಹೋಮ. ಆ ದಾರಿಯನ್ನು ಯಾರೂ ಹಿಡಿಯಬೇಡಿ.

ಎಂಬಿಪಿ ಹಾಕಿದ ಮೇಲೆ ಪ್ರೋಟೀನ್ ಕರಗಿತು. ಕರಗಿತು ಅಂದರೆ ಸರಿಯಾಯಿತು ಅಂತಲ್ಲ. ಎಂಬಿಪಿ ಹಿಡಿಯುವ ಅಮೈಲೋಸ್ ಕಾಲಂನಿಂದ ಇಳಿದದ್ದನ್ನು ಸೂಪರ್‌ಡೆಕ್ಸ್ 200ಕ್ಕೆ (ಗಾತ್ರದ ಮೇಲೆ ಬೇರ್ಪಡಿಸುವ ಕಾಲಂ) ಹಾಕಿದರೆ ವಾಯ್ಡ್‌ನಲ್ಲೇ (ತೀರಾ ದೊಡ್ಡವು ಮೊದಲೇ ಹೊರಬರುವ ಜಾಗ) ಒಂದು ದೊಡ್ಡ ಪೀಕ್, ಅದರ ಹಿಂದೆ ಭುಜದ ಹಾಗೆ ಸಣ್ಣದೊಂದು. ದೊಡ್ಡದು ಒಂದಕ್ಕೊಂದು ಅಂಟಿಕೊಂಡ ಗುಡ್ಡೆ. ನಮಗೆ ಬೇಕಾದ ಟೆಟ್ರಾಮರ್ ಆ ಭುಜದಲ್ಲಿತ್ತು. ಜೆಲ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಜೆಲ್ ನೋಡಿ ಖುಷಿಪಟ್ಟು ನೇರ ಅಸ್ಸೇಗೆ (ಚಟುವಟಿಕೆ ಅಳೆಯುವ ಪರೀಕ್ಷೆಗೆ) ಹೋದವರು ಇಲ್ಲೇ ಮೋಸ ಹೋಗುವುದು.

ಆ ಭುಜವನ್ನು ಬೆಳೆಸಿದ್ದು ಮೂರು ವಿಷಯ. ತಾಪಮಾನವನ್ನು 28ಕ್ಕೆ ಇಳಿಸಿದೆ, ಜೀನನ್ನು ಚಾಲೂ ಮಾಡುವ ಐಪಿಟಿಜಿಯನ್ನು ಕಾಲು ಮಿಲಿಮೋಲಾರ್ ಸುಮಾರಿಗೆ ತಂದೆ, ಹಾಗೆ ಚಾಲೂ ಮಾಡುವ (ಇಂಡಕ್ಷನ್) ಹೊತ್ತಿಗೆ ಫೆರಸ್ ಅಮೋನಿಯಂ ಸಲ್ಫೇಟ್ ಹಾಕಿದೆ. ಈ ಎಂಜೈಮಿನ ಪ್ರತಿ ಘಟಕದಲ್ಲೂ ಒಂದು ಕಬ್ಬಿಣ ಕೂರಬೇಕು, ಬ್ಯಾಕ್ಟೀರಿಯಾ ಅದನ್ನು ಎಲ್ಲಿಂದ ತರಬೇಕು ಹೇಳಿ? ಗ್ರೋಇಎಲ್-ಗ್ರೋಇಎಸ್ (ಪ್ರೋಟೀನ್ ಮಡಚಲು ನೆರವಾಗುವ ಶಾಪರಾನ್‌ಗಳು) ಪ್ಲಾಸ್ಮಿಡ್ ಜೊತೆಗೆ ಹಾಕಿದ್ದರಿಂದ ಇನ್ನಷ್ಟು ಲಾಭವಾಯಿತು, ಆದರೆ ವೈಲ್ಡ್ ಟೈಪ್‌ಗೆ (ಬದಲಾವಣೆ ಇಲ್ಲದ ಮೂಲ ಎಂಜೈಮಿಗೆ) ಅದು ಬೇಕೇಬೇಕು ಅಂತಿಲ್ಲ. ಬ್ಯಾಕ್ಟೀರಿಯಾ ಒಡೆದ ಮೇಲೆ ಎಲ್ಲ ಕೆಲಸವೂ ತಣ್ಣಗೆ, ಬೇಗ, ಗ್ಲಿಸರಾಲ್ ಜೊತೆ. ಲೈಸಿಸ್ ಬಫರ್‌ನಲ್ಲಿ ಇನ್ನೊಂದು ಸಾಮಾನು ಇದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಕಷ್ಟಪಟ್ಟು ಕಂಡುಕೊಂಡದ್ದು.

ದುಡ್ಡು ತಿಂದದ್ದು ಬಿಎಚ್4 (ಟೆಟ್ರಾಹೈಡ್ರೋಬಯಾಪ್ಟೆರಿನ್, ಈ ಎಂಜೈಮಿಗೆ ಬೇಕಾದ ಸಹಾಯಕ ಅಣು). ಉಳಿದೆಲ್ಲ ಕೆಮಿಕಲ್ ಸೇರಿಸಿದರೂ ಅದರ ಅರ್ಧ ಖರ್ಚಾಗಿರಲಿಕ್ಕಿಲ್ಲ. ಗಾಳಿ ತಾಗಿದರೆ ಆಕ್ಸಿಡೈಸ್ ಆಗಿ ಕೆಡುತ್ತದೆ. ಬೆಳಿಗ್ಗೆ ಮಾಡಿದ ಸ್ಟಾಕ್ ಮಧ್ಯಾಹ್ನಕ್ಕೆ ನಂಬುವ ಹಾಗಿಲ್ಲ. ಆಕ್ಸಿಡೈಸ್ ಆಗದಂತೆ ತಡೆಯುವ ಡಿಟಿಟಿ ಹಾಕಿ, ಐಸ್ ಮೇಲೆ, ಕತ್ತಲಲ್ಲಿ ಇಟ್ಟು, ಬೇಕಾದಷ್ಟೇ ಮಾಡಿಕೊಳ್ಳಿ. ಅಸ್ಸೇ ಮಿಶ್ರಣಕ್ಕೆ ಕ್ಯಾಟಲೇಸ್ ಸೇರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹುಟ್ಟುವ ಪೆರಾಕ್ಸೈಡ್ ಎಂಜೈಮನ್ನೇ ಹಾಳು ಮಾಡುತ್ತದೆ. ಉಳಿತಾಯಕ್ಕೆ ಒಂದು ಉಪಾಯ: ಯಾವ ಫ್ರಾಕ್ಷನ್‌ನಲ್ಲಿ ಜೀವ ಇದೆ ಎಂದು ನೋಡಲು ಬಿಎಚ್4 ಬದಲು 6-ಮೀಥೈಲ್ ಟೆಟ್ರಾಹೈಡ್ರೋಪ್ಟೆರಿನ್ ಸಾಕು. ಬಿಎಚ್4 ಕೊನೆಯ ಅಳತೆಗೆ ಮಾತ್ರ.

ಅಳತೆ ಮಾಡುವುದು ಟೈರೋಸಿನ್ ಫ್ಲೋರೆಸೆನ್ಸ್‌ನಲ್ಲಿ, 275 ನ್ಯಾನೋಮೀಟರ್‌ನಲ್ಲಿ ಬೆಳಕು ಕೊಟ್ಟು 305ರಲ್ಲಿ ಓದುವುದು. ಬಿಎಚ್4 ತಾನೇ ಬೆಳಕು ಹೀರುವುದರಿಂದ ಅದರ ಪ್ರತಿ ಸಾಂದ್ರತೆಗೂ ಬೇರೆ ಟೈರೋಸಿನ್ ಸ್ಟ್ಯಾಂಡರ್ಡ್ ಹಾಕಬೇಕು. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ.

ನನಗೆ ನಂಬಿಕೆ ಬಂದದ್ದು ಹೊತ್ತಿಗೆ ತಕ್ಕಂತೆ ಟೈರೋಸಿನ್ ಏರುವ ಗ್ರಾಫ್ ನೋಡಿ. ಎಂಜೈಮನ್ನು ಮೊದಲೇ ಐದು ನಿಮಿಷ ಫಿನೈಲಅಲನಿನ್ ಜೊತೆ ಇಟ್ಟು ಬಿಎಚ್4 ಹಾಕಿದರೆ ಗೆರೆ ಶುರುವಿನಿಂದಲೇ ನೆಟ್ಟಗೆ ಏರುತ್ತದೆ. ಹಾಗೆ ಇಡದಿದ್ದರೆ ಮೊದಲು ತೆವಳುತ್ತದೆ, ಆಮೇಲೆ ಮೆಲ್ಲಗೆ ಬಾಗಿ ಮೇಲೇಳುತ್ತದೆ. ಶುರುವಿನ ವೇಗದಲ್ಲಿ 3-4 ಪಟ್ಟು ವ್ಯತ್ಯಾಸ. ಬರೀ ಕರಗಿದ ಪ್ರೋಟೀನ್ ಹೀಗೆ ಆಡುವುದಿಲ್ಲ. ಕೀಟಕೋಶದವರಿಗೆ ಆ ಎರಡು ಗೆರೆ ತೋರಿಸಿದ ಮೇಲೆ ಅವರೇ ಪ್ರೋಟೋಕಾಲ್ ಕೇಳಿದರು, ಅಲ್ವಾ!

ಕೈ ಸುಮ್ಮನಿರಲಿಲ್ಲ, ಜೀನಿನಲ್ಲಿ ಬದಲಾವಣೆ ಇರುವ ಮ್ಯೂಟೆಂಟ್‌ಗಳನ್ನೂ ನೋಡಿದೆ. ಯುರೋಪಿನ ಫಿನೈಲ್‌ಕೀಟೋನ್ಯೂರಿಯಾ (ಈ ಎಂಜೈಮ್ ಕೆಟ್ಟು ಬರುವ ಆನುವಂಶಿಕ ಕಾಯಿಲೆ) ರೋಗಿಗಳಲ್ಲಿ ಜಾಸ್ತಿ ಸಿಗುವ ಆರ್408ಡಬ್ಲ್ಯೂ ಇದೇ ವಿಧಾನದಲ್ಲೂ ಬಹುಪಾಲು ವಾಯ್ಡ್‌ನಲ್ಲೇ ಬಿತ್ತು. ಸೌಮ್ಯವಾದ ವೈ414ಸಿ ಟೆಟ್ರಾಮರ್ ಕೊಟ್ಟಿತು, ವೈಲ್ಡ್ ಟೈಪ್‌ನ ಅರ್ಧಕ್ಕಿಂತ ಕಡಿಮೆ. ಶಾಪರಾನ್ ಪ್ಲಾಸ್ಮಿಡ್ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ. ಮುಂಭಾಗದ ರೆಗ್ಯುಲೇಟರಿ (ಚಟುವಟಿಕೆ ನಿಯಂತ್ರಿಸುವ) ತುಂಡು ಕತ್ತರಿಸಿದ ಕನ್‌ಸ್ಟ್ರಕ್ಟ್ ಕೂಡ ಮಾಡಿದೆ. ಫಿನೈಲಅಲನಿನ್‌ಗೆ ಕಾಯದೆ ಮೊದಲಿನಿಂದಲೇ ಓಡುತ್ತದೆ. ಅದರ ಲೆಕ್ಕ ಇನ್ನೂ ಮುಗಿದಿಲ್ಲ.

ಎಂಬಿಪಿ ಕತ್ತರಿಸುವವರು ಕತ್ತರಿಸಿದ ದಿನವೇ ಬಳಸಿ. ಕತ್ತರಿಸದ ಫ್ಯೂಷನ್ ಆಗಿದ್ದರೆ ಸಣ್ಣ ಟ್ಯೂಬುಗಳಲ್ಲಿ ಹಂಚಿ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡಬಹುದು, ಆದರೆ ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಪ್ಲಾಸ್ಮಿಡ್ ಬೇಕಾದವರು ಕೇಳಿ, ಕೊಡುತ್ತೇನೆ. ಬಿಎಚ್4 ಮಾತ್ರ ನೀವೇ ತಂದುಕೊಳ್ಳಬೇಕು.