ಬಿಸಿಯಾದೊಡನೆ ಆರಿಹೋಗುವ ಚಿಕ್ಕ ಟಾರ್ಚ್: ದೋಷ ಹುಡುಕುವ ಕ್ರಮ

ಒಂದೇ 18650 ಅಳತೆಯ ಲಿಥಿಯಂ ಸೆಲ್ಲಿನಿಂದ ನಡೆಯುವ ಎಲ್‌ಇಡಿ ಟಾರ್ಚು ಮೊದಲು ಚೆನ್ನಾಗಿ ಉರಿದು, ಮೈ ಬಿಸಿಯಾದ ಮೇಲೆ ಆರಿಹೋಗಿ, ತಣ್ಣಗಾದೊಡನೆ ಮತ್ತೆ ಹೊತ್ತಿಕೊಂಡರೆ ಹೆಚ್ಚಿನವರು ಸೆಲ್ಲನ್ನೇ ಮೊದಲು ಬದಲಾಯಿಸುತ್ತಾರೆ. ಆದರೆ ತಪ್ಪು ಬಹುಮಟ್ಟಿಗೆ ಇರುವುದು ಸ್ವಿಚ್ಚಿನಲ್ಲಿ ಅಥವಾ ಬೆಸುಗೆಯಲ್ಲಿ. ಬೆಳಕು ಪೂರ್ತಿ ಹೋಗದೆ ಕೇವಲ ಮಂದವಾಗುತ್ತಿದ್ದರೆ ಅದು ದೋಷವಲ್ಲದೆಯೂ ಇರಬಹುದು, ಏಕೆಂದರೆ ಅತಿಯಾಗಿ ಬಿಸಿಯಾಗದಂತೆ ತಾನಾಗಿಯೇ ಬೆಳಕು ತಗ್ಗಿಸುವ ಏರ್ಪಾಡು ಇಂದಿನ ಅನೇಕ ಟಾರ್ಚುಗಳಲ್ಲಿದೆ.

ಟಾರ್ಚು ಜೋರಾಗಿ ಉರಿಯುವಾಗ ಬಿಸಿಯೂ ಹೆಚ್ಚು, ಕರೆಂಟೂ ಹೆಚ್ಚು. ಈ ಎರಡರಲ್ಲಿ ಯಾವುದು ಕಾರಣವೆಂದು ಬೇರ್ಪಡಿಸಿ ನೋಡದೆ ಬಿಚ್ಚಲು ಕೂರುವುದು ವ್ಯರ್ಥ ಶ್ರಮ. ಸೆಲ್ಲನ್ನು ಹೊರತೆಗೆದು, ಎಲ್‌ಇಡಿ ಇರುವ ತಲೆಯ ಭಾಗವನ್ನು ಮಾತ್ರ ಹೇರ್ ಡ್ರೈಯರ್‌ನಿಂದ ಕೈಯಲ್ಲಿ ಹಿಡಿಯಲು ಕಷ್ಟವಾಗುವಷ್ಟು ಕಾಯಿಸಿ, ಆಮೇಲೆ ಸೆಲ್ ಹಾಕಿ ಅತಿ ಕಡಿಮೆ ಬೆಳಕಿನಲ್ಲಿ ಹಚ್ಚಬೇಕು. ಆಗಲೂ ಹೊತ್ತದಿದ್ದರೆ ದೋಷ ತಲೆಯಲ್ಲಿದೆ. ನಿಶ್ಚಿಂತೆಯಾಗಿ ಉರಿದರೆ ಅನುಮಾನ ಬಾಲದ, ಅಂದರೆ ಸ್ವಿಚ್ಚಿರುವ ಹಿಂದಿನ ಮುಚ್ಚಳದ ಕಡೆಗೆ ಹೋಗುತ್ತದೆ. ಸೆಲ್ ಒಳಗಿರುವಾಗ ಕಾಯಿಸುವುದು ಸಲ್ಲದು. ಬೇಗ ತಣಿಸಲೆಂದು ಫ್ರಿಜ್ಜಿನಲ್ಲಿಡುವುದೂ ಬೇಡ, ಒಳಗೆ ನೀರು ಕಟ್ಟುತ್ತದೆ.

ಬಾಲವನ್ನು ಪರೀಕ್ಷಿಸಲು ಮಲ್ಟಿಮೀಟರ್ ಕೂಡ ಬೇಕಿಲ್ಲ. ಹಿಂದಿನ ಮುಚ್ಚಳ ತೆಗೆದು, ಸೆಲ್ಲಿನ ಋಣ ತುದಿಯನ್ನೂ ಕೊಳವೆಯ ಬಣ್ಣವಿಲ್ಲದ ಅಂಚನ್ನೂ ದಪ್ಪ ತಾಮ್ರದ ತಂತಿಯಿಂದ ಜೋಡಿಸಿ ಹಿಡಿದಾಗ ಟಾರ್ಚು ಬಿಸಿಯಾದ ಮೇಲೂ ಆರದಿದ್ದರೆ ತಪ್ಪು ಮುಚ್ಚಳದೊಳಗೇ ಇದೆ. ಅಲ್ಲಿ 0.1 ಓಮ್‌ನಷ್ಟು ತಡೆಯಿದ್ದರೂ ಸಾಕು: 3 ಆಂಪಿಯರ್ ಹರಿಯುವಾಗ 0.3 ವೋಲ್ಟ್ ನಷ್ಟವಾಗಿ, ಸುಮಾರು 0.9 ವ್ಯಾಟ್ ಶಾಖ ಆ ಪುಟ್ಟ ಸ್ವಿಚ್ಚಿನಲ್ಲೇ ಹುಟ್ಟುತ್ತದೆ, ಅದರಿಂದ ಪ್ಲಾಸ್ಟಿಕ್ ಮೆತ್ತಗಾಗಿ ಸಂಪರ್ಕ ಇನ್ನಷ್ಟು ಸಡಿಲಗೊಳ್ಳುತ್ತದೆ. ತಲೆಗಿಂತ ಬಾಲವೇ ಬಿಸಿಯೆನಿಸುವುದು ಇದರ ಒಳ್ಳೆಯ ಸುಳಿವು. ಮುಚ್ಚಳದೊಳಗೆ ಎರಡು ಚಿಕ್ಕ ತೂತುಗಳಿರುವ ಬಳೆಯೊಂದು ಸ್ವಿಚ್ಚನ್ನು ಒತ್ತಿ ಹಿಡಿದಿರುತ್ತದೆ. ಚೂಪು ಚಿಮಟದಿಂದ ಅದನ್ನು ಬಿಗಿಗೊಳಿಸಿ, ಥ್ರೆಡ್ಡುಗಳನ್ನೂ ಕೊಳವೆಯ ಅಂಚನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಅನೇಕ ಟಾರ್ಚುಗಳು ಇಷ್ಟಕ್ಕೇ ಸರಿಹೋಗುತ್ತವೆ. ಆದರೂ ಮುಚ್ಚಳದ ಸ್ಪ್ರಿಂಗ್ ಕಾಯುತ್ತಿದ್ದರೆ ಅದರ ತುದಿಯಿಂದ ಬುಡಕ್ಕೆ ತೆಳುವಾದ, ಬಾಗುವ ತಾಮ್ರದ ತಂತಿಯನ್ನು ಬೆಸೆಯುವುದು ಒಳ್ಳೆಯ ಉಪಾಯ.

ತಲೆಯ ಭಾಗದಲ್ಲಿ ನೋಡಬೇಕಾದದ್ದು ಎಲ್‌ಇಡಿ ಕೂತಿರುವ ಲೋಹದ ಬಿಲ್ಲೆ ಮತ್ತು ಅದಕ್ಕೆ ಬರುವ ಎರಡು ತಂತಿಗಳು. ಬಿಲ್ಲೆಯೇ ಶಾಖವನ್ನು ಹೀರಿಕೊಳ್ಳುವುದರಿಂದ ಕಾರ್ಖಾನೆಯಲ್ಲಿ ಹಾಕಿದ ಬೆಸುಗೆ ಕೆಲವೊಮ್ಮೆ ಸರಿಯಾಗಿ ಕರಗಿರುವುದಿಲ್ಲ. ನೋಡಲು ಹಿಡಿದಂತಿದ್ದರೂ ಕಾದು ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ. ದೀಪ ಆರಿದ ಗಳಿಗೆಯಲ್ಲಿ ಹಲ್ಲುಕಡ್ಡಿಯಿಂದ ಒಂದೊಂದು ತಂತಿಯನ್ನೂ ಮೆಲ್ಲಗೆ ಒತ್ತಿ ನೋಡಬೇಕು: ಯಾವುದನ್ನು ಒತ್ತಿದಾಗ ಬೆಳಕು ಮಿನುಗುತ್ತದೆಯೋ ಅಲ್ಲಿ ಬೆಸುಗೆ ಚೆನ್ನಾಗಿ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಚೆನ್ನಾಗಿ ಕಾದ ಸೋಲ್ಡರಿಂಗ್ ಐರನ್‌ನಿಂದ ಮರುಬೆಸುಗೆ ಹಾಕಬೇಕು. ಎಲ್‌ಇಡಿಯ ಮೇಲಿನ ಮೆತ್ತನೆಯ ಗುಮ್ಮಟವನ್ನು ಮಾತ್ರ ಒತ್ತಬಾರದು, ಒಳಗೆ ಕೂದಲಿಗಿಂತ ಸಣ್ಣ ತಂತಿಗಳಿರುತ್ತವೆ. ಆರುವ ಮುನ್ನ ಬೆಳಕು ನೀಲಿಗೆ ತಿರುಗುತ್ತಿದ್ದರೆ ಬಿಲ್ಲೆಯ ಶಾಖ ಹೊರಗೆ ಹೋಗುತ್ತಿಲ್ಲವೆಂದು ತಿಳಿಯಬೇಕು. ಬಿಲ್ಲೆಯನ್ನೆತ್ತಿ, ಅಡಿಯಲ್ಲಿರುವ ಹಳೆಯ ಪೇಸ್ಟನ್ನು ಒರೆಸಿ, ಶಾಖ ಸಾಗಿಸುವ ಥರ್ಮಲ್ ಪೇಸ್ಟನ್ನು ತೆಳುವಾಗಿ ಹಚ್ಚಿ ಬಿಗಿಯಾಗಿ ಕೂರಿಸಬೇಕು.

ಸೆಲ್ಲಿನ ಸರದಿ ಇಷ್ಟೆಲ್ಲ ಆದ ಮೇಲೆ. ಟಾರ್ಚು ಆರಿದ ಕೂಡಲೇ ಸೆಲ್ಲನ್ನು ತೆಗೆದು ಅಳೆದಾಗ ಮೀಟರು ಸೊನ್ನೆ ತೋರಿಸಿದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಕರೆಂಟನ್ನು ಕಡಿತಗೊಳಿಸಿದೆ ಎಂದರ್ಥ, ಚಾರ್ಜರಿಗೆ ಹಾಕಿದಾಗ ಅದು ಸಾಮಾನ್ಯವಾಗಿ ಮರಳುತ್ತದೆ. ಹೊದಿಕೆ ಹರಿದಿದ್ದರೆ ಅಥವಾ ಸೆಲ್ಲೇ ತಲೆಗಿಂತ ಹೆಚ್ಚು ಬಿಸಿಯಾಗಿದ್ದರೆ ಅದನ್ನು ಮತ್ತೆ ಬಳಸದೆ, ಮನೆಯ ಕಸಕ್ಕೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.